ಗೊರಸಿನಿಂದ ಗಾಲಿಗೆ: ಹಿಡಿತದ ಕಥೆ

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಶಿವರಾತ್ರಿಯ ಸಮಯದಲ್ಲಿ ನಡೆಯುವ ದನಗಳ ಜಾತ್ರೆಗೆ ಹೋದವರು ಒಂದು ದೃಶ್ಯವನ್ನು ಗಮನಿಸಿರಬಹುದು. ಎತ್ತಿನ ಜೋಡಿಯನ್ನು ಕೊಳ್ಳಲು ಬಂದ ಅನುಭವಿ ರೈತ ಮೊದಲು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ. ಆಮೇಲೆ ಬಗ್ಗಿ ಗೊರಸು ನೋಡುತ್ತಾನೆ. ಎತ್ತಿನ ಮೈಯಲ್ಲಿ ಎಷ್ಟೇ ಕಸುವಿದ್ದರೂ ಗೊರಸು ನೆಲವನ್ನು ಕಚ್ಚಿ ಹಿಡಿಯದಿದ್ದರೆ ಆ ಕಸುವು ಗಾಡಿಗೆ ತಲುಪುವುದಿಲ್ಲ ಎಂಬುದು ಅವನಿಗೆ ಗೊತ್ತು. ಗೊರಸು ಸವೆಯಬಾರದೆಂದೇ ಲಾಳ ಕಟ್ಟಿಸುವುದು. ಆದರೆ ಅದೇ ಲಾಳ ಡಾಂಬರು ರಸ್ತೆಯ ಮೇಲೆ, ಹಾಸುಬಂಡೆಯ ಮೇಲೆ ಎತ್ತನ್ನು ಜಾರಿಸುತ್ತದೆ ಎಂಬುದೂ ಅವನಿಗೆ ಗೊತ್ತು.

ಶಕ್ತಿ ಬೇರೆ, ಹಿಡಿತ ಬೇರೆ. ಇದು ರೈತನ ಬದುಕು ಕಲಿಸಿದ ಪಾಠ. ಐನೂರು ಅಶ್ವಶಕ್ತಿಯ ಸ್ಪೋರ್ಟ್ಸ್ ಕಾರನ್ನು ವಿನ್ಯಾಸ ಮಾಡುವ ಎಂಜಿನಿಯರು ಕೂಡ ತಲೆಕೆಡಿಸಿಕೊಳ್ಳುವುದು ಇದೇ ಪಾಠದ ಸುತ್ತ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಪ್ಪಿಸುವುದು ಕ್ಲಚ್ಚು. ಅದನ್ನು ನೆಲಕ್ಕೆ ಒಪ್ಪಿಸುವುದು ಟೈರು. ಎರಡೂ ಕೆಲಸ ಮಾಡುವುದು ಘರ್ಷಣೆಯೆಂಬ ಒಂದೇ ತತ್ವದ ಮೇಲೆ. ಈ ಎರಡು ಹಿಡಿತಗಳ ನಡುವಿನ ಹೊಂದಾಣಿಕೆ ತಪ್ಪಿದ ಕ್ಷಣದಲ್ಲೇ ಕಾರು ಚಾಲಕನ ಕೈ ತಪ್ಪುತ್ತದೆ. ಈ ಹೊಂದಾಣಿಕೆಗಾಗಿ ಮನುಷ್ಯ ನಡೆಸಿದ ಪ್ರಯತ್ನದ ಚರಿತ್ರೆಯನ್ನು ಓದಲು ಕೋಲಾರ ಸೀಮೆಯ ದಾರಿಗಳೇ ಸಾಕು.

ಎಳೆಯುವ ಕಾಲು, ಉರುಳುವ ಗಾಲಿ

ಎತ್ತಿನ ಗಾಡಿಯಲ್ಲಿ ಗಾಲಿಗೆ ಕೇವಲ ಉರುಳುವ ಕೆಲಸ. ನೆಲವನ್ನು ಹಿಂದಕ್ಕೆ ಒದ್ದು ಗಾಡಿಯನ್ನು ಮುಂದಕ್ಕೆ ಎಳೆಯುವುದು ಎತ್ತಿನ ಕಾಲು. ಹೀಗಾಗಿ ಕಬ್ಬಿಣದ ಪಟ್ಟಿ ಬಿಗಿದ ನುಣುಪು ಗಾಲಿಯೇ ಸಾವಿರಾರು ವರ್ಷ ಸಾಕಾಯಿತು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಸೈನ್ಯದ ವೇಗದ ಗುಟ್ಟು ಅಡಗಿದ್ದುದೂ ಇಂಥ ಕಾಲುಗಳಲ್ಲೇ. ಮದ್ದುಗುಂಡು, ಫಿರಂಗಿಗಳನ್ನು ಹೊತ್ತು ಎಳೆದು ದಿನಗಟ್ಟಲೆ ನಡೆಯಬಲ್ಲ ಮೈಸೂರಿನ ಅಮೃತಮಹಲ್ ಎತ್ತುಗಳ ಬಗ್ಗೆ ಇಂಗ್ಲಿಷರು ಹೊಟ್ಟೆಕಿಚ್ಚು ಪಟ್ಟು ಬರೆದಿದ್ದಾರೆ. 1768ರಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಹೈದರನಿಗೂ ಕರ್ನಲ್ ವುಡ್‌ನ ಪಡೆಗೂ ಕದನವಾದಾಗ ಎರಡೂ ಕಡೆಯ ಫಿರಂಗಿಗಳು ಆ ನೆಲಕ್ಕೆ ಬಂದದ್ದು ಎತ್ತುಗಳ ಬಲದಿಂದಲೇ.

ಗಾಲಿಯೇ ನೆಲವನ್ನು ತಳ್ಳಬೇಕಾದ ಪರಿಸ್ಥಿತಿ ಮೊದಲು ಬಂದದ್ದು ರೈಲಿನೊಂದಿಗೆ. 1864ರಲ್ಲಿ ಜೋಲಾರ್‌ಪೇಟೆಯಿಂದ ಮಾಲೂರಿನ ಮೇಲೆ ಬೆಂಗಳೂರಿಗೆ ಉಗಿಬಂಡಿ ಬಂತು. 1913ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಕಿರಿದಾದ ಹಳಿಗಳ ಪುಟ್ಟ ರೈಲು ಓಡತೊಡಗಿತು. ಮುಂದೆ ಆ ಹಾದಿ ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರದವರೆಗೆ ಬೆಳೆಯಿತು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ: ಉರುಳುವುದಕ್ಕೆ ಬಹಳ ಹಗುರ, ತಳ್ಳುವುದಕ್ಕೆ ಬಹಳ ಜಾರು. ಇಬ್ಬನಿ ಬಿದ್ದ ಮುಂಜಾನೆ ಏರಿನಲ್ಲಿ ಎಂಜಿನ್ನಿನ ಗಾಲಿಗಳು ಇದ್ದಲ್ಲೇ ಗಿರ್ರನೆ ತಿರುಗುವುದುಂಟು. ಅದಕ್ಕೆಂದೇ ಉಗಿ ಎಂಜಿನ್ನುಗಳಲ್ಲಿ ಮರಳಿನ ಪೆಟ್ಟಿಗೆ ಇರುತ್ತಿತ್ತು. ಚಾಲಕ ಗಾಲಿಯ ಮುಂದೆ ಒಂದಿಷ್ಟು ಮರಳು ಸುರಿಸಿದರೆ ಹಿಡಿತ ಮರಳಿ ಸಿಗುತ್ತಿತ್ತು.

ಆದರೆ ಉಗಿ ಎಂಜಿನ್ನಿಗೆ ಕ್ಲಚ್ಚು ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ. ಉಗಿ ನಿಂತ ಗಾಲಿಯ ಮೇಲೂ ಪೂರ್ತಿ ಬಲ ಹಾಕಬಲ್ಲದು. ಪೆಟ್ರೋಲ್ ಎಂಜಿನ್ನಿನ ಸ್ವಭಾವ ಹಾಗಲ್ಲ. ಅದು ನಿಮಿಷಕ್ಕೆ ಕೆಲವು ನೂರು ಸುತ್ತಾದರೂ ಸುತ್ತುತ್ತಿದ್ದರೆ ಮಾತ್ರ ಜೀವಂತ. ಸುತ್ತುತ್ತಿರುವ ಎಂಜಿನ್ನನ್ನು ನಿಂತಿರುವ ಗಾಲಿಗೆ ಜೋಡಿಸುವುದು ಹೇಗೆ? ಕ್ಲಚ್ಚು ಹುಟ್ಟಿದ್ದು ಈ ಪ್ರಶ್ನೆಯಿಂದ.

ಚರ್ಮದಿಂದ ತಟ್ಟೆಗೆ

1886ರ ಕಾರ್ಲ್ ಬೆಂಜ್‌ನ ಮೂರು ಚಕ್ರದ ವಾಹನದಲ್ಲಿ ಇದ್ದದ್ದು ಒಂದು ಚರ್ಮದ ಬೆಲ್ಟು. ಅದನ್ನು ಸುಮ್ಮನೆ ತಿರುಗುವ ರಾಟೆಯಿಂದ ಗಾಲಿಗೆ ಸೇರಿದ ರಾಟೆಯ ಮೇಲೆ ಸರಿಸಿದರೆ ಗಾಡಿ ಮೆಲ್ಲಗೆ ಹೊರಡುತ್ತಿತ್ತು. 1891ರ ಸುಮಾರಿಗೆ ಫ್ರಾನ್ಸಿನ ಪನಾರ್ ಮತ್ತು ಲೆವಾಸೋರ್ ಸಂಸ್ಥೆ ಎಂಜಿನ್ನನ್ನು ಮುಂದಿಟ್ಟು, ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಗೇರು, ಕೊನೆಗೆ ಹಿಂದಿನ ಚಕ್ರಗಳಿಗೆ ಶಕ್ತಿ ಎಂಬ ಸಾಲನ್ನು ರೂಢಿಗೆ ತಂದಿತು. ಮುಂದಿನ ಮುಕ್ಕಾಲು ಶತಮಾನ ಜಗತ್ತಿನ ಬಹುಪಾಲು ಕಾರುಗಳು ಆ ಸಾಲನ್ನೇ ಅನುಸರಿಸಿದವು.

ಆ ಕಾಲದ ಕ್ಲಚ್ಚು ಚರ್ಮ ಹೊದಿಸಿದ ಶಂಕುವಿನ ಆಕಾರದ್ದು. ಚರ್ಮ ಒಣಗಿದರೆ ಝಾಡಿಸಿ ಕಚ್ಚುತ್ತಿತ್ತು, ಎಣ್ಣೆ ಬಿದ್ದರೆ ಜಾರುತ್ತಿತ್ತು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಕುದುರೆಗಾಡಿಗಳ ಬ್ರೇಕಿಗಾಗಿ ಹೊಸ ಘರ್ಷಣ ವಸ್ತು ತಯಾರಿಸಲು ಆರಂಭಿಸಿದ. ಇಳಿಜಾರಿನಲ್ಲಿ ಗಾಡಿಯವರು ಹಳೆಯ ಬೂಟನ್ನು ಬ್ರೇಕಿನ ಕಟ್ಟಿಗೆಗೆ ಕಟ್ಟುತ್ತಿದ್ದುದನ್ನು ಕಂಡು ಅವನಿಗೆ ಈ ಯೋಚನೆ ಬಂತೆಂದು ಹೇಳುತ್ತಾರೆ. ಮುಂದೆ ಆಸ್ಬೆಸ್ಟಾಸ್ ಬಂತು. ಶಾಖ ತಡೆಯುವ ಅದರ ಗುಣ ಕ್ಲಚ್ಚಿಗೆ ವರವಾಯಿತು. ಅದರ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಶಾಪವಾಯಿತು. ಇಂದು ಹಲವು ದೇಶಗಳು ಅದನ್ನು ನಿಷೇಧಿಸಿವೆ.

ಈಗಿನ ಕ್ಲಚ್ಚಿನ ರಚನೆ ಸರಳ. ಎಂಜಿನ್ನಿನ ಜೊತೆ ತಿರುಗುವ ಭಾರವಾದ ಫ್ಲೈವೀಲ್ ಒಂದು ಕಡೆ, ಸ್ಪ್ರಿಂಗಿನಿಂದ ಒತ್ತುವ ಪ್ರೆಶರ್ ಪ್ಲೇಟ್ ಇನ್ನೊಂದು ಕಡೆ. ನಡುವೆ ರೊಟ್ಟಿಯಂತೆ ಸಿಕ್ಕಿಕೊಂಡ ಕ್ಲಚ್ ಪ್ಲೇಟು. ಪೆಡಲು ಒತ್ತಿದರೆ ಸ್ಪ್ರಿಂಗು ಹಿಂದೆ ಸರಿದು ಪ್ಲೇಟು ಬಿಡುಗಡೆಯಾಗುತ್ತದೆ. ಮೆಲ್ಲಗೆ ಬಿಟ್ಟರೆ ಪ್ಲೇಟು ಮೊದಲು ಸವರುತ್ತಾ, ಆಮೇಲೆ ಕಚ್ಚುತ್ತಾ ಎರಡೂ ಕಡೆಯ ವೇಗವನ್ನು ಒಂದು ಮಾಡುತ್ತದೆ. ನಮ್ಮ ಚಾಲಕರು 'ಹಾಫ್ ಕ್ಲಚ್' ಎನ್ನುವುದು ಈ ಸವರುವ ಸ್ಥಿತಿಗೆ. ಸವರಿದಷ್ಟೂ ಶಾಖ, ಶಾಖ ಮೀರಿದರೆ ಮೆಕ್ಯಾನಿಕ್ಕಿನ ಬಾಯಲ್ಲಿ 'ಪ್ಲೇಟು ಸುಟ್ಟುಹೋಯ್ತು' ಎಂಬ ತೀರ್ಪು.

ರಬ್ಬರಿನ ಬೇರೆಯ ನ್ಯಾಯ

1699ರಲ್ಲಿ ಫ್ರಾನ್ಸಿನ ಅಮೊಂತೋ ಎಂಬ ವಿಜ್ಞಾನಿ ಘರ್ಷಣೆಯ ನಿಯಮಗಳನ್ನು ಹೇಳಿದ. ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ತಾಗುವ ಮೈ ಅಗಲವೋ ಕಿರಿದೋ ಎಂಬುದು ಮುಖ್ಯವಲ್ಲ. ಅವನ ನಂತರ ಬಂದ ಕೂಲಂಬ್ 18ನೇ ಶತಮಾನದ ಕೊನೆಯಲ್ಲಿ, ನಿಂತ ವಸ್ತುವನ್ನು ಅಲುಗಿಸಲು ಬೇಕಾದ ಬಲವೂ ಜಾರುತ್ತಿರುವುದನ್ನು ಜಾರಿಸುತ್ತಲೇ ಇರಲು ಬೇಕಾದ ಬಲವೂ ಬೇರೆ ಬೇರೆ ಎಂಬುದನ್ನು ವಿವರವಾಗಿ ತೋರಿಸಿದ. ಸಾಮಾನ್ಯವಾಗಿ ಮೊದಲನೆಯದೇ ಹೆಚ್ಚು. ಒಮ್ಮೆ ಹಿಡಿತ ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟವೆಂಬ ಮಾತಿಗೆ ವಿಜ್ಞಾನದ ಆಧಾರ ಇದು.

ರಬ್ಬರು ಮಾತ್ರ ಈ ನಿಯಮಗಳಿಗೆ ಪೂರ್ತಿ ತಲೆಬಾಗುವುದಿಲ್ಲ. ಅದು ಮೆದು. ರಸ್ತೆಯ ಸಣ್ಣ ಸಣ್ಣ ಕಲ್ಲುಗಳ ನಡುವೆ ಇಳಿದು ಅಪ್ಪಿಕೊಳ್ಳುತ್ತದೆ. ಆದ್ದರಿಂದ ತಾಗುವ ಮೈ ಅಗಲವಾದರೆ ಅದಕ್ಕೆ ಲಾಭವಿದೆ. ಸ್ಪೋರ್ಟ್ಸ್ ಕಾರಿನ ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಾಗಿರುವುದು ಅಂದಕ್ಕಾಗಿ ಅಲ್ಲ. ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ರಬ್ಬರನ್ನು ಗಟ್ಟಿ ಮಾಡಿದ. 1888ರಲ್ಲಿ ಡನ್ಲಪ್ ಮಗನ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಹಾಕಿದ. 1895ರಲ್ಲಿ ಮಿಶೆಲಿನ್ ಸೋದರರು ಅದನ್ನು ಕಾರಿಗೆ ಹಾಕಿ ಪ್ಯಾರಿಸ್-ಬೋರ್ಡೊ ಓಟದಲ್ಲಿ ಓಡಿಸಿದರು. 1946ರಲ್ಲಿ ಅದೇ ಸಂಸ್ಥೆ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಇಷ್ಟೆಲ್ಲ ಆದರೂ ಒಂದು ಟೈರು ಯಾವುದೇ ಕ್ಷಣದಲ್ಲಿ ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಒಂದೂವರೆ ಟನ್ನಿನ ಕಾರೂ ಒಳಗಿರುವವರ ಪ್ರಾಣವೂ ಅಂಥ ನಾಲ್ಕು ಅಂಗೈಗಳ ಮೇಲೆ ನಿಂತಿರುತ್ತವೆ.

ಎರಡು ಹಿಡಿತಗಳ ಜಗಳ

ಒಂದು ಸರಳ ಲೆಕ್ಕ ಹಾಕಬಹುದು. 1,500 ಕಿಲೋ ತೂಕದ ಕಾರು ರಭಸದಿಂದ ಹೊರಟಾಗ ನೂರಕ್ಕೆ 60 ಭಾಗ ಭಾರ ಹಿಂದಿನ ಚಕ್ರಗಳ ಮೇಲೆ ಬಿತ್ತೆನ್ನೋಣ. ಒಣ ರಸ್ತೆಯಲ್ಲಿ ಒಳ್ಳೆಯ ಟೈರು ಸುಮಾರು ತನ್ನ ಮೇಲಿನ ಭಾರದಷ್ಟೇ ಬಲವನ್ನು ತಡೆದುಕೊಳ್ಳುತ್ತದೆ. ಚಕ್ರದ ಅಳತೆಯನ್ನೂ ಮೊದಲ ಗೇರಿನ ಒಟ್ಟು ಅನುಪಾತವನ್ನು 12 ಎಂದೂ ಹಿಡಿದು ಲೆಕ್ಕ ಮಾಡಿದರೆ, ಎಂಜಿನ್ನಿನ ತಿರುಚುಬಲ ಸುಮಾರು 240 ನ್ಯೂಟನ್ ಮೀಟರ್ ದಾಟಿದೊಡನೆ ಚಕ್ರ ಜಾರತೊಡಗುತ್ತದೆ. ಬಲಶಾಲಿ ಸ್ಪೋರ್ಟ್ಸ್ ಕಾರಿನ ಎಂಜಿನ್ನು ಕೊಡುವುದು ಇದರ ಇಮ್ಮಡಿ. ಎಂದರೆ ಮೊದಲ ಗೇರಿನಲ್ಲಿ ಅದರ ಅರ್ಧ ಬಲ ನೆಲಕ್ಕೆ ತಲುಪುವ ಮಾತೇ ಇಲ್ಲ. ಒಣ ರಸ್ತೆಯಲ್ಲಿ ಮೂರನೆಯ ಗೇರು ಬರುವ ಹೊತ್ತಿಗೆ ಟೈರು ಗೆಲ್ಲುತ್ತದೆ. ಮಳೆ ಬಂದು ಹಿಡಿತ ಅರ್ಧಕ್ಕೆ ಇಳಿದರೆ ನಾಲ್ಕನೆಯ ಗೇರಿನಲ್ಲೂ ಚಕ್ರ ಜಾರಬಹುದು. ಆ ಹೊತ್ತಿಗೆ ಕಾರಿನ ವೇಗ ನೂರರ ಮೇಲಿರುತ್ತದೆ.

ಕ್ಲಚ್ಚಿನ ಪಾಡು ಇನ್ನೊಂದು ಬಗೆಯದು. ಹೆಚ್ಚು ಬಲವನ್ನು ಹಿಡಿಯಬೇಕಾದರೆ ಸ್ಪ್ರಿಂಗು ಬಿಗಿಯಾಗಬೇಕು, ಇಲ್ಲವೇ ಪ್ಲೇಟು ಅಗಲವಾಗಬೇಕು, ಇಲ್ಲವೇ ಪ್ಲೇಟುಗಳ ಸಂಖ್ಯೆ ಹೆಚ್ಚಬೇಕು, ಇಲ್ಲವೇ ಹೆಚ್ಚು ಕಚ್ಚುವ ವಸ್ತು ಹಾಕಬೇಕು. ಸ್ಪ್ರಿಂಗು ಬಿಗಿಯಾದರೆ ಪೆಡಲು ಭಾರ. ಕಚ್ಚುವ ವಸ್ತು ಹಾಕಿದರೆ ಸವರುವ ಹಂತ ಕಿರಿದಾಗಿ, ಕ್ಲಚ್ಚು ಇದೆ ಅಥವಾ ಇಲ್ಲ ಎಂಬಂತೆ ವರ್ತಿಸುತ್ತದೆ. ಅಂಥ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಚಕ್ರಕ್ಕೆ ಹರಿದು ಟೈರು ಹೊಗೆಯಾಡುತ್ತದೆ. ಟೈರಿನ ಹಿಡಿತ ಚೆನ್ನಾಗಿದ್ದು ಕ್ಲಚ್ಚು ದುರ್ಬಲವಾಗಿದ್ದರೆ ಪ್ಲೇಟು ಹೊಗೆಯಾಡುತ್ತದೆ. ಜಾರುವುದಂತೂ ತಪ್ಪದು, ಎಲ್ಲಿ ಜಾರಬೇಕು, ಎಷ್ಟು ಜಾರಬೇಕು ಎಂಬುದನ್ನು ನಿರ್ಧರಿಸುವುದು ಚಾಲಕನ ಎಡಗಾಲು. ಕುತೂಹಲದ ಸಂಗತಿಯೆಂದರೆ ಟೈರು ಅತಿ ಹೆಚ್ಚು ಬಲ ಕೊಡುವುದು ಸ್ವಲ್ಪವೇ ಜಾರುತ್ತಿರುವಾಗ, ನೂರಕ್ಕೆ ಹತ್ತು ಹದಿನೈದರಷ್ಟು. ಅದನ್ನು ದಾಟಿದರೆ ಬಲ ಕುಸಿಯುತ್ತದೆ.

ಇದೇ ತತ್ವದ ಇನ್ನೊಂದು ಮುಖವನ್ನು ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದುಡಿಯುವ ಟ್ರ್ಯಾಕ್ಟರುಗಳಲ್ಲಿ ನೋಡಬಹುದು. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಆಳವಾದ ಹಲ್ಲುಗಳಿವೆ. ಭಾರಕ್ಕೆಂದು ಒಳಗೆ ನೀರು ತುಂಬುವುದೂ ಉಂಟು. ಹಿಂಚಕ್ರ ಗುಂಡಿಯಲ್ಲಿ ಬಲವಾಗಿ ಹೂತು ನಿಂತಾಗ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಏನಾಗುತ್ತದೆ? ಚಕ್ರ ಜಾರಲಾರದು, ತಿರುಗಲಾರದು. ಆಗ ಚಕ್ರದ ಬದಲು ಟ್ರ್ಯಾಕ್ಟರೇ ಅಚ್ಚಿನ ಸುತ್ತ ತಿರುಗಲು ಹೊರಟು ಮೂತಿ ಮೇಲೇಳುತ್ತದೆ. ಚಾಲಕ ಎಚ್ಚೆತ್ತುಕೊಳ್ಳುವ ಮೊದಲೇ ಅವನ ಮೇಲೆ ಹಿಂದಕ್ಕೆ ಮಗುಚಬಹುದು. ಇಂಥ ಸಾವುಗಳನ್ನು ತಡೆಯಲೆಂದೇ ಸ್ವೀಡನ್ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಹಿಡಿತ ಕಡಿಮೆಯಾದರೆ ಅಪಾಯ, ಹೆಚ್ಚಾದರೂ ಅಪಾಯ. ಎರಡೂ ಕಡೆ ನಡುವೆ ನಿಂತದ್ದು ಕ್ಲಚ್ಚು.

ತಿರುವಿನ ಖರ್ಚು

ನೇರ ರಸ್ತೆಯಲ್ಲಿ ಚಕ್ರ ಜಾರಿದರೆ ರಬ್ಬರಷ್ಟೇ ನಷ್ಟ. ತಿರುವಿನಲ್ಲಿ ಹಾಗಲ್ಲ. ಟೈರಿನ ಹಿಡಿತವನ್ನು ತಿಂಗಳ ಸಂಬಳಕ್ಕೆ ಹೋಲಿಸಬಹುದು. ಮುಂದೆ ತಳ್ಳುವುದಕ್ಕೂ ಪಕ್ಕಕ್ಕೆ ಸರಿಯದಂತೆ ತಡೆಯುವುದಕ್ಕೂ ಇರುವುದು ಅದೊಂದೇ ಗಂಟು. ಒಂದು ಬಾಬ್ತಿಗೆ ಎಲ್ಲ ಖರ್ಚಾದರೆ ಇನ್ನೊಂದಕ್ಕೆ ಏನೂ ಉಳಿಯುವುದಿಲ್ಲ. ತಿರುವಿನ ನಡುವೆ ಚಾಲಕ ಕೆಳಗಿನ ಗೇರಿಗೆ ಇಳಿಸಿ ಕ್ಲಚ್ಚನ್ನು ಒರಟಾಗಿ ಬಿಟ್ಟರೆ, ನಿಧಾನವಾಗಿರುವ ಎಂಜಿನ್ನು ವೇಗವಾಗಿರುವ ಹಿಂಚಕ್ರಗಳನ್ನು ಹಿಡಿದು ಜಗ್ಗುತ್ತದೆ. ಪಕ್ಕದ ಹಿಡಿತ ಕೈಕೊಟ್ಟು ಕಾರಿನ ಬಾಲ ಹೊರಕ್ಕೆ ಬೀಸುತ್ತದೆ. ಇದನ್ನು ತಪ್ಪಿಸಲು ರೇಸಿನ ಚಾಲಕರು ಬ್ರೇಕಿನ ಮೇಲಿರುವ ಬಲಗಾಲಿನ ಅಂಚಿನಿಂದಲೇ ಎಂಜಿನ್ನಿನ ವೇಗ ಏರಿಸಿ, ಎರಡೂ ವೇಗ ಸಮವಾದ ಮೇಲೆ ಕ್ಲಚ್ಚು ಬಿಡುತ್ತಾರೆ.

1975ರಲ್ಲಿ ಮಾರುಕಟ್ಟೆಗೆ ಬಂದ ಪೋರ್ಶೆ 911 ಟರ್ಬೊ ಈ ಪಾಠವನ್ನು ಕಠಿಣವಾಗಿ ಕಲಿಸಿದ ಕಾರು. ಮೂರು ಲೀಟರಿನ, 260 ಅಶ್ವಶಕ್ತಿಯ ಎಂಜಿನ್ನು ಹಿಂದಿನ ಅಚ್ಚಿನಿಂದಲೂ ಹಿಂದೆ. ಟರ್ಬೊ ತಡವಾಗಿ ಎಚ್ಚೆತ್ತು ಬಲವನ್ನು ಒಮ್ಮೆಗೇ ಸುರಿಸುತ್ತಿತ್ತು. ತಿರುವಿನಲ್ಲಿ ಬೆದರಿದ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಹಿಂಚಕ್ರ ಹಗುರಾಗುತ್ತಿತ್ತು, ಕಾರು ಬುಗುರಿಯಾಗುತ್ತಿತ್ತು. 'ವಿಧವೆಯರನ್ನು ಮಾಡುವ ಕಾರು' ಎಂಬ ಅಡ್ಡಹೆಸರು ಅದಕ್ಕೆ ಅಂಟಿದ್ದು ಹೀಗೆ.

ನಮ್ಮ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳೂ ಹಿಂಚಕ್ರದ ಬಂಡಿಗಳೇ. ಆದರೆ ಅವುಗಳ ಎಂಜಿನ್ನಿಗೆ ಟೈರನ್ನು ಸೋಲಿಸುವಷ್ಟು ಬಲವಿರಲಿಲ್ಲ. 1983ರಲ್ಲಿ ಮಾರುತಿ 800 ಮುಂಚಕ್ರಕ್ಕೆ ಶಕ್ತಿ ಕೊಟ್ಟು ಬಂದ ಮೇಲೆ ಹಿಂಚಕ್ರದ ಅನುಭವವೇ ಸಾಮಾನ್ಯ ಚಾಲಕನಿಂದ ಮರೆಯಾಯಿತು. ಅದನ್ನು ಉಳಿಸಿಕೊಂಡವರು ಲಾರಿ ಚಾಲಕರು. ಹಳೆಯ ಮದರಾಸು ರಸ್ತೆಯಲ್ಲಿ ಕೋಲಾರ, ಮುಳಬಾಗಿಲು ದಾಟಿ ಪಲಮನೇರಿನ ಕಡೆ ಇಳಿಯುವ ಲಾರಿಗಳ ಹಳೆಯ ಗೇರುಪೆಟ್ಟಿಗೆಗಳಿಗೆ ಎರಡು ಸಲ ಕ್ಲಚ್ಚು ಒತ್ತಬೇಕಿತ್ತು. ಒಮ್ಮೆ ಒತ್ತಿ ಗೇರು ಬಿಡಿಸಿ, ಆಕ್ಸಿಲರೇಟರು ಕೊಟ್ಟು ವೇಗ ಹೊಂದಿಸಿ, ಮತ್ತೊಮ್ಮೆ ಒತ್ತಿ ಗೇರು ಹಾಕುವುದು. ರೇಸಿನ ಚಾಲಕ ಮತ್ತು ಟೊಮೆಟೊ ಲಾರಿಯ ಚಾಲಕ ಇಬ್ಬರದೂ ಒಂದೇ ವಿದ್ಯೆ ಎಂಬುದು ಗಮನಾರ್ಹ.

ಯಂತ್ರ ಕಲಿತ ವಿದ್ಯೆ

20ನೇ ಶತಮಾನದ ಕೊನೆಯಲ್ಲಿ ಈ ವಿದ್ಯೆ ಮನುಷ್ಯನ ಕಾಲಿನಿಂದ ಯಂತ್ರಕ್ಕೆ ವರ್ಗವಾಗತೊಡಗಿತು. 1978ರಲ್ಲಿ ಬ್ರೇಕು ಬಿಗಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಮರ್ಸಿಡಿಸ್ ಕಾರಿಗೆ ಬಂತು. ಮುಂದಿನ ದಶಕದಲ್ಲಿ ಚಕ್ರ ಜಾರಿದೊಡನೆ ಎಂಜಿನ್ನಿನ ಬಲ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಬಂತು. 1995ರಲ್ಲಿ ಕಾರಿನ ಬಾಲ ಬೀಸುವುದನ್ನೇ ತಡೆಯುವ ಸ್ಥಿರತಾ ವ್ಯವಸ್ಥೆ ಬಂತು. 1989ರಲ್ಲಿ ಫೆರಾರಿಯ ಫಾರ್ಮುಲಾ ಒನ್ ಕಾರು ಸ್ಟಿಯರಿಂಗಿನ ಹಿಂದಿನ ಪಟ್ಟಿ ಒತ್ತಿ ಗೇರು ಬದಲಿಸುವುದನ್ನು ತೋರಿಸಿತು. 2003ರಿಂದ ಎರಡು ಕ್ಲಚ್ಚುಗಳ ಗೇರುಪೆಟ್ಟಿಗೆ ರಸ್ತೆಯ ಕಾರಿಗೂ ಇಳಿಯಿತು. ಒಂದು ಕ್ಲಚ್ಚು ಬಿಡುತ್ತಿರುವಂತೆಯೇ ಇನ್ನೊಂದು ಹಿಡಿಯುವುದರಿಂದ ಹಿಂಚಕ್ರಕ್ಕೆ ಝಾಡಿಸುವಿಕೆ ತಟ್ಟುವುದೇ ಇಲ್ಲ.

ಕೋಲಾರ ಜಿಲ್ಲೆಯ ಕಾರ್ಖಾನೆಗಳೂ ಈ ಕಥೆಯಲ್ಲಿ ಪಾತ್ರಧಾರಿಗಳೇ. ನರಸಾಪುರದಲ್ಲಿ 2013ರಲ್ಲಿ ಶುರುವಾದ ಹೋಂಡಾ ಕಾರ್ಖಾನೆಯಿಂದ ಹೊರಬರುವ ಸ್ಕೂಟರಿಗೆ ಕ್ಲಚ್ಚಿನ ಹಿಡಿಯೇ ಇಲ್ಲ. ಎಂಜಿನ್ನು ವೇಗವಾಗಿ ತಿರುಗಿದಾಗ ಒಳಗಿನ ಪುಟ್ಟ ಪಾದಗಳು ಹೊರಕ್ಕೆ ಚಿಮ್ಮಿ ತಾವೇ ಹಿಡಿಯುತ್ತವೆ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆ ಕೆ.ಜಿ.ಎಫ್.ನಲ್ಲಿ ಬುಲ್ಡೋಜರುಗಳನ್ನು ತಯಾರಿಸುತ್ತದೆ. ಸಾಂಪ್ರದಾಯಿಕ ಬುಲ್ಡೋಜರಿನಲ್ಲಿ ಕ್ಲಚ್ಚಿಗೆ ಸ್ಟಿಯರಿಂಗಿನ ಕೆಲಸವೂ ಉಂಟು. ಒಂದು ಬದಿಯ ಕ್ಲಚ್ಚು ಬಿಟ್ಟರೆ ಆ ಬದಿಯ ಸರಪಳಿಗೆ ಬಲ ನಿಂತು ಯಂತ್ರ ಆ ಕಡೆಗೇ ಹೊರಳುತ್ತದೆ.

ಹಾಗಿದ್ದರೆ ಕಾಲಿನ ವಿದ್ಯೆ ಬೇಡವೇ? ಬೇಕೆನ್ನುವವರೂ ಇಲ್ಲೇ ಇದ್ದಾರೆ. ದಕ್ಷಿಣ ಅಮೆರಿಕದ 2015ರ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಬಳಿ 'ಬಿಗ್‌ರಾಕ್' ಎಂಬ ಬೈಕ್ ತರಬೇತಿ ತಾಣವನ್ನು ಕಟ್ಟಿದರು. ಸಡಿಲ ಮಣ್ಣಿನಲ್ಲಿ ಹಿಂದಿನ ಟೈರು ಯಾವಾಗ ಕಚ್ಚುತ್ತದೆ, ಯಾವಾಗ ಬಿಡುತ್ತದೆ ಎಂಬುದು ಕ್ಲಚ್ಚಿನ ಮೇಲಿನ ಎರಡು ಬೆರಳುಗಳಿಗೆ ತಿಳಿಯಬೇಕು. ಮೆಲ್ಲಗಿನ ವೇಗದಲ್ಲಿ, ಬಿದ್ದರೂ ಮಣ್ಣೇ ತಾಗುವ ಕಡೆ ಕಲಿಯುವ ವಿದ್ಯೆ ಅದು. 2021ರ ಡಕಾರ್‌ನಲ್ಲಿ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾದ ಸಂತೋಷ್ ಸಾವಿನ ಅಂಚಿನಿಂದ ಮರಳಿ ಬಂದರು. ನುರಿತವರನ್ನೂ ನೆಲ ಬಿಡುವುದಿಲ್ಲ.

ಹೊಸ ರಸ್ತೆ, ಹಳೆಯ ಪಾಠ

ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆಗಳ ಮೇಲೆ ಕೆ.ಜಿ.ಎಫ್. ಕಡೆ ಸಾಗುವ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಸುಮಾರು 71 ಕಿಲೋಮೀಟರ್, 2024ರ ಕೊನೆಯಲ್ಲಿ ವಾಹನಗಳಿಗೆ ತೆರೆದುಕೊಂಡಿತು. ಗಂಟೆಗೆ 120 ಕಿಲೋಮೀಟರ್ ವೇಗಕ್ಕೆಂದು ರೂಪಿಸಿದ ರಸ್ತೆ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 33 ಮೀಟರ್ ಕ್ರಮಿಸುತ್ತದೆ. ಬೇಸಿಗೆಯಿಡೀ ಕೂಡಿಬಿದ್ದ ಧೂಳು ಮತ್ತು ಎಣ್ಣೆಯ ಮೇಲೆ ಮೊದಲ ಮಳೆಯ ಹನಿ ಬಿದ್ದಾಗ ಯಾವ ರಸ್ತೆಯೇ ಆಗಲಿ ಸೋಪು ಹಚ್ಚಿದ ಬಂಡೆಯಂತಾಗುತ್ತದೆ. ನೀರು ಹೆಚ್ಚಾಗಿ ನಿಂತರೆ ಟೈರು ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಒಣ ರಸ್ತೆಯಲ್ಲಿ ವರವಾದ ಅಗಲ ಟೈರು ಇಲ್ಲಿ ಬೇಗ ತೇಲುತ್ತದೆ, ಅದರಲ್ಲೂ ಗೀರುಗಳು ಸವೆದಿದ್ದರೆ. ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗೆ ಇಳಿಯುವ ಮೊದಲೇ ಬದಲಿಸಬೇಕೆಂಬ ನಿಯಮ ಇರುವುದು ಇದಕ್ಕೇ.

ತೇಲುತ್ತಿರುವ ಟೈರಿಗೆ ಯಾವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಹಿಡಿತವನ್ನು ಸೃಷ್ಟಿಸಿ ಕೊಡಲಾರದು. ಇರುವ ಹಿಡಿತವನ್ನು ಹಂಚುವುದಷ್ಟೇ ಅದರ ಕೈಯಲ್ಲಿದೆ. ಎರಡು ಕ್ಲಚ್ಚು, ನೂರು ಸೆನ್ಸರುಗಳಿರುವ ಕಾರಿಗೂ ನೆಲದಿಂದ ಸಿಗುವುದು ನಾಲ್ಕು ಅಂಗೈಯಷ್ಟು ಜಾಗವೇ. ಮಳೆಯಲ್ಲಿ ಕಾಲನ್ನು ಹಗುರ ಮಾಡುವುದು, ಟೈರು ನೋಡಿಕೊಳ್ಳುವುದು, ತಿರುವಿಗೆ ಮೊದಲೇ ವೇಗ ಇಳಿಸುವುದು ಇಂದಿಗೂ ಚಾಲಕನ ಪಾಲಿನ ಕೆಲಸ.

ಎಕ್ಸ್‌ಪ್ರೆಸ್‌ವೇಗೆ ಹೊರಡುವ ಮೊದಲು ಕಾರಿನ ಹಿಂದೆ ಬಗ್ಗಿ ಟೈರಿನ ಗೀರನ್ನು ಬೆರಳಿನಿಂದ ಮುಟ್ಟಿ ನೋಡಲು ಒಂದು ನಿಮಿಷ ಸಾಕು. ಆವನಿ ಜಾತ್ರೆಯ ರೈತ ಎತ್ತಿನ ಗೊರಸು ನೋಡಲು ಬಗ್ಗುವುದೂ ಅದೇ ಕಾರಣಕ್ಕೆ.